ಮನೆ ನಮ್ಮದು, ನೆಲ ಊರಿನದು
1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ದಲಿತ ಕುಟುಂಬಗಳು ವಿನೋಬಾ ಭಾವೆಯವರನ್ನು 80 ಎಕರೆ ನೆಲ ಕೇಳಿದವು. ಅಲ್ಲೇ ಇದ್ದ ವೆದಿರೆ ರಾಮಚಂದ್ರ ರೆಡ್ಡಿ 100 ಎಕರೆ ಕೊಡುತ್ತೇನೆಂದರು. ಭೂದಾನ ಶುರುವಾದದ್ದು ಹೀಗೆ. ಆದರೆ ಬಡವನ ಕೈಗೆ ಬಂದ ತುಂಡು ಹೊಲ ಒಂದು ಬರಕ್ಕೋ ಮದುವೆಯ ಸಾಲಕ್ಕೋ ಮತ್ತೆ ಸಾಹುಕಾರನ ಪಾಲಾಗಬಹುದು. ಬೆನ್ನಲ್ಲೇ ಬಂದ ಗ್ರಾಮದಾನ ಇದಕ್ಕೆ ತಡೆ ಹಾಕಲು ಹೊರಟಿತು: ಒಡೆತನ ಊರಿಗೆ, ಉಳುಮೆ ಕುಟುಂಬಕ್ಕೆ. 1957ರಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ನಡೆದ ಗ್ರಾಮದಾನ ಸಮ್ಮೇಳನಕ್ಕೆ ನೆಹರೂ ಕೂಡ ಬಂದಿದ್ದರು. ಮುಂದೆ ಎಷ್ಟೋ ಊರುಗಳ ಸಂಕಲ್ಪ ಕಾಗದದಲ್ಲೇ ಉಳಿಯಿತು.

ವಿಚಾರ ಮಾತ್ರ ಕಡಲು ದಾಟಿತು. ಅಮೆರಿಕದ ಜಾರ್ಜಿಯಾದಲ್ಲಿ ಮತದಾರರ ಪಟ್ಟಿಗೆ ಹೆಸರು ಬರೆಸಿದ ತಪ್ಪಿಗೆ ಕರಿಯ ಗೇಣಿದಾರರನ್ನು ಹೊಲದಿಂದ ಎಬ್ಬಿಸುತ್ತಿದ್ದ ಕಾಲ. ನಾಗರಿಕ ಹಕ್ಕುಗಳ ಹೋರಾಟಗಾರರಾದ ಚಾರ್ಲ್ಸ್ ಶೆರಾಡ್, ಸ್ಲೇಟರ್ ಕಿಂಗ್, ರಾಬರ್ಟ್ ಸ್ವಾನ್ ಮೊದಲಾದವರು ಗ್ರಾಮದಾನವನ್ನೂ ಇಸ್ರೇಲಿನ ಗುತ್ತಿಗೆ ಭೂಮಿಯ ಪದ್ಧತಿಯನ್ನೂ ಅರಿತು 1969ರಲ್ಲಿ 'ನ್ಯೂ ಕಮ್ಯುನಿಟೀಸ್' ಎಂಬ ಒಟ್ಟು ಒಡೆತನದ ಜಮೀನು ಕಟ್ಟಿದರು. ಸುಮಾರು 5,700 ಎಕರೆ! ಬರ ಬಂದಾಗ ಬಿಳಿಯ ರೈತರಿಗೆ ಸಿಕ್ಕ ಸರ್ಕಾರಿ ಸಾಲ ಇವರಿಗೆ ಸಿಗಲಿಲ್ಲ. 1985ರಲ್ಲಿ ಜಮೀನು ಕೈಬಿಟ್ಟಿತು. ಜನಾಂಗಭೇದದ ಮೊಕದ್ದಮೆಯಲ್ಲಿ 2009ರಲ್ಲಿ ಪರಿಹಾರ ಸಿಕ್ಕಿತು. ಆ ಹಣದಿಂದ ಅವರು ಕೊಂಡದ್ದು, ಹಿಂದೆ ಗುಲಾಮರು ದುಡಿದಿದ್ದ ತೋಟವನ್ನೇ. ಈ ಸಂಗತಿ ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಹೊಲದ ಈ ಪಾಠ ನಗರದ ವಸತಿಗೆ ಬಂದದ್ದು 1980ರ ದಶಕದಲ್ಲಿ. ಬರ್ನಿ ಸ್ಯಾಂಡರ್ಸ್ ಮೇಯರಾಗಿದ್ದ ಅಮೆರಿಕದ ಬರ್ಲಿಂಗ್ಟನ್‌ನಲ್ಲಿ 1984ರಲ್ಲಿ ನಗರಸಭೆಯ 2 ಲಕ್ಷ ಡಾಲರಿನಿಂದ ಸಾಮುದಾಯಿಕ ಭೂ ಟ್ರಸ್ಟ್ ಒಂದು ಆರಂಭವಾಯಿತು. ಅಲ್ಲಿ ಕುಟುಂಬ ಕೊಳ್ಳುವುದು ಮನೆಯನ್ನಷ್ಟೇ. ಅಡಿಯ ನೆಲ ಟ್ರಸ್ಟಿನದು, ಕುಟುಂಬಕ್ಕೆ ಅದು ದೀರ್ಘ ಗುತ್ತಿಗೆಗೆ. ನೆಲದ ಬೆಲೆ ಸೇರದ ಕಾರಣ ಮನೆ ಅಗ್ಗ. ಮಾರುವಾಗ ಏರಿದ ಬೆಲೆಯಲ್ಲಿ ಕುಟುಂಬಕ್ಕೆ ಶೇ. 25 ಮಾತ್ರ, ಉಳಿದ ಲಾಭ ಮನೆಯಲ್ಲೇ ನಿಂತು ಮುಂದಿನ ಬಡ ಕುಟುಂಬಕ್ಕೂ ಅದನ್ನು ಅಗ್ಗವಾಗಿಡುತ್ತದೆ. ಸಿರಿವಂತ ಪೂರ್ತಿ ಲಾಭ ಉಣ್ಣುವಾಗ ಬಡವನಿಗೇಕೆ ಕಾಲುಪಾಲು? ಈ ಆಕ್ಷೇಪ ಸುಳ್ಳಲ್ಲ. ಆದರೂ ಬಾಡಿಗೆ ಮನೆಯಲ್ಲಿ ಕಳೆದ ವರ್ಷಗಳು ಆ ಕಾಲುಪಾಲನ್ನೂ ಕೊಡುವುದಿಲ್ಲವಲ್ಲ!

ಟ್ರಸ್ಟಿನ ಇದೇ ಹಾದಿ ಹಿಡಿದ ಬಾಸ್ಟನ್ನಿನ ಡಡ್ಲಿ ಸ್ಟ್ರೀಟಿನ ನಿವಾಸಿಗಳು 1988ರಲ್ಲಿ ಪಾಳುಬಿದ್ದ ನಿವೇಶನಗಳನ್ನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನೇ ಪಡೆದರು. ಪೋರ್ಟೊರಿಕೊದ ಸಾನ್ ವಾನ್‌ನಲ್ಲಿ ಕಾಲುವೆಯೊಂದರ ದಂಡೆಯ ಕೊಳೆಗೇರಿಗಳ ಜನ ಇನ್ನೂ ಯೋಚಿಸಿ ನಡೆದರು. ಕಾಲುವೆಯ ಹೂಳು ತೆಗೆದರೆ ನೆಲಕ್ಕೆ ಬೆಲೆ ಬರುತ್ತದೆ, ಬೆಲೆ ಬಂದರೆ ತಮ್ಮನ್ನು ಒಕ್ಕಲೆಬ್ಬಿಸುತ್ತಾರೆ ಎಂದು ಅರಿತ ಅವರು, ಒಂಟಿ ಹಕ್ಕುಪತ್ರದ ಬದಲು ಒಟ್ಟು ಒಡೆತನ ಬೇಡಿದರು. 2004ರಲ್ಲಿ ಅದಕ್ಕೆ ಕಾನೂನು ಬಂತು.

ನಮ್ಮಲ್ಲಿ ದೇವರಾಜ ಅರಸರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿಸಿತು, ಒಬ್ಬೊಬ್ಬನ ಹೆಸರಿಗೆ ಪಹಣಿ ಬಂತು. ಅದು ದೊಡ್ಡ ಗೆಲುವು. ಒಟ್ಟಾಗಿ ಹಿಡಿದಿಡುವ ಹಾದಿ ಮಾತ್ರ ಪಕ್ಕದ ಮಹಾರಾಷ್ಟ್ರದಲ್ಲಿ ಮತ್ತೆ ತೆರೆದುಕೊಂಡಿತು. ಗಡಚಿರೋಲಿಯ ಗೊಂಡರ ಊರು ಮೇಂಢಾ-ಲೇಖಾ, 2009ರಲ್ಲಿ ಕಾಡಿನ ಸಾಮುದಾಯಿಕ ಹಕ್ಕು ಪಡೆದ ಮೇಲೆ, 2013ರಲ್ಲಿ ಕುಟುಂಬಗಳ ಹೊಲಗಳನ್ನೂ ಗ್ರಾಮಸಭೆಗೆ ಒಪ್ಪಿಸಿತು. ಆಧಾರವಾಗಿದ್ದದ್ದು, ಬಹುಪಾಲು ಜನ ಮರೆತೇಬಿಟ್ಟಿದ್ದ 1964ರ ಗ್ರಾಮದಾನ ಕಾಯ್ದೆ.