ಕನ್ನಡನಾಡಿನ ಇತಿಹಾಸವೂ ಪೋರ್ಚುಗೀಸ್ ಭಾಷಾವ್ಯಾಸಂಗವೂ

ಕನ್ನಡನಾಡಿನ ಇತಿಹಾಸಕ್ಕೆ ಶಾಸನಗಳೇ ಮುಖ್ಯ ಆಕರಗಳೆಂಬುದು ನಿರ್ವಿವಾದ. ದಾವಣಗೆರೆಯ ಆನೆಕೊಂಡದ ಈಶ್ವರ ದೇವಾಲಯವನ್ನಾಗಲಿ, ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರದ ಹರಿಹರೇಶ್ವರ ದೇವಾಲಯವನ್ನಾಗಲಿ ಅಭ್ಯಸಿಸುವವನಿಗೆ ಹಳಗನ್ನಡ, ಸಂಸ್ಕೃತಗಳು ಬೇಕು. ಆದರೆ ಹದಿನಾರನೆಯ ಶತಮಾನಕ್ಕೆ ಬಂದೊಡನೆ ಇವೆರಡೇ ಸಾಲವು. ಅಲ್ಲಿಂದ ಮುಂದೆ ನಮ್ಮ ನಾಡಿನ ವೃತ್ತಾಂತದ ಒಂದು ಭಾಗವು ಪೋರ್ಚುಗೀಸ್ ಭಾಷೆಯಲ್ಲಿದೆ.

ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರವನ್ನು ಕಂಡ ಡೊಮಿಂಗೊ ಪಾಯೆಸ್, ಸುಮಾರು 1535ರಲ್ಲಿ ಬರೆದ ಫೆರ್ನಾವ್ ನೂನಿಜ್ ಇವರ ಬರಹಗಳನ್ನು ಪ್ಯಾರಿಸಿನ ಹಸ್ತಪ್ರತಿಯಿಂದ ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್‌ನಲ್ಲಿ ಪ್ರಕಟಿಸಿದನು. ರಾಬರ್ಟ್ ಸೀವೆಲ್ಲನ ಇಂಗ್ಲಿಷ್ ಅನುವಾದವು 1900ರಲ್ಲಿ ಹೊರಬಂದಿತು. ನಮ್ಮ ತರಗತಿಗಳಲ್ಲಿ ಬಳಕೆಯಾಗುತ್ತ ಬಂದಿರುವುದು ಹೆಚ್ಚಾಗಿ ಈ ಅನುವಾದವೇ.

ಅನುವಾದವೊಂದನ್ನೇ ನಂಬಿದರೆ ಆಗುವ ತೊಡಕಿಗೆ ಒಂದು ನಿದರ್ಶನವನ್ನು ನೋಡಬಹುದು. ಕರಾವಳಿಯಿಂದ ರಾಜಧಾನಿಗೆ ಸಾಗುವ ನಾಡನ್ನು ವರ್ಣಿಸುತ್ತ ಪಾಯೆಸನು 'ದಾರ್ಚ' ಎಂಬ ಪಟ್ಟಣವನ್ನೂ, ಅಲ್ಲಿ ಮರಗೆಲಸದಷ್ಟು ನಯವಾದ ಕೆತ್ತನೆಯುಳ್ಳ, ದುಂಡಾದ, ಏಕಶಿಲೆಯ ದೇಗುಲವನ್ನೂ ಹೇಳುತ್ತಾನೆ. ಅಲ್ಲಿಂದ ರಾಜಧಾನಿಗೆ ಹದಿನೆಂಟು ಹರದಾರಿಯೆನ್ನುತ್ತಾನೆ. ಈ ಪಟ್ಟಣ ಯಾವುದೆಂಬುದು ಚರ್ಚಾಸ್ಪದ. ಪೋರ್ಚುಗೀಸರ ಹರದಾರಿಯಾದ 'ಲೆಗ್ವಾ' ಎಲ್ಲ ಕಾಲಕ್ಕೂ ಒಂದೇ ಅಳತೆಯದಲ್ಲ. ಅವರ ಅಕ್ಷರಗಳ ಉಚ್ಚಾರಣೆಯೂ ಅಂದಿನಿಂದ ಇಂದಿಗೆ ಬದಲಾಗಿದೆ. ಸುಂದರ ಕೆತ್ತನೆಯುಂಟೆಂಬ ಮಾತ್ರಕ್ಕೆ ನಮ್ಮೂರ ದೇಗುಲವೇ ಅದೆಂದು ಯಾರೂ ಅವಸರಪಡಲಾಗದು. ಮೂಲದ ಮಾತನ್ನು ಬಲ್ಲವನೂ, ನಮ್ಮ ದಾರಿ, ಊರು, ಗುಡಿಗಳನ್ನು ಬಲ್ಲವನೂ ಒಬ್ಬನೇ ಆದಾಗ ಇಂಥ ಪ್ರಶ್ನೆಗಳು ಬಗೆಹರಿದಾವು.

ಗ್ರಂಥಗಳಿಗಿಂತ ದೊಡ್ಡ ಭಂಡಾರವು ಗೋವೆಯ ದಫ್ತರಖಾನೆಯಲ್ಲಿದೆ. ಇದರ ಆರಂಭ 1595ರಲ್ಲಿ. ಮೊದಲ ಪಾಲಕನು ಚರಿತ್ರಕಾರ ದಿಯೋಗೊ ದೊ ಕೌತೊ. ನೆರೆಯ ಅರಸರೊಡನೆ ನಡೆದ ಪತ್ರವ್ಯವಹಾರಕ್ಕೆಂದೇ ಅಲ್ಲಿ ಪ್ರತ್ಯೇಕ ಸಂಪುಟಗಳಿವೆ. ಶಿವಪ್ಪನಾಯಕನು 1652ರಿಂದ 1654ರ ಅವಧಿಯಲ್ಲಿ ಬಸರೂರು, ಹೊನ್ನಾವರದ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡ ಸಂಗತಿಯನ್ನೂ, ರಾಣಿ ಚೆನ್ನಮ್ಮಾಜಿಯ ಕಾಲದ 1678ರ ಒಪ್ಪಂದವನ್ನೂ ಎದುರುಪಕ್ಷದ ದಾಖಲೆಯಿಲ್ಲದೆ ಪೂರ್ಣವಾಗಿ ಬರೆಯಲಾಗದು.

ಈ ವ್ಯಾಸಂಗದಲ್ಲಿ ಬ್ರೆಜಿಲನ್ನು ಮರೆಯುವಂತಿಲ್ಲ. 1500ರ ಏಪ್ರಿಲಿನಲ್ಲಿ ಬ್ರೆಜಿಲಿನ ತೀರವನ್ನು ಮುಟ್ಟಿದ ಕಬ್ರಾಲನ ನೌಕಾಪಡೆಯೇ ಆಗಸ್ಟಿನಲ್ಲಿ ಕಾರವಾರದ ಬಳಿಯ ಅಂಜುದೀವಿಗೆ ಬಂದಿತು. ನಾವಾಡುವ 'ಅನಾನಸು', 'ಕಾಜು' ಎಂಬ ಮಾತುಗಳು ಅಲ್ಲಿನ ಮೂಲನಿವಾಸಿಗಳ ತುಪಿ ಭಾಷೆಯಿಂದ ಪೋರ್ಚುಗೀಸಿನ ಮೂಲಕ ಬಂದವು. ಇಂದು ಪೋರ್ಚುಗೀಸನ್ನಾಡುವವರಲ್ಲಿ ಬಹುಪಾಲು ಬ್ರೆಜಿಲಿನವರೇ. ಆದ್ದರಿಂದ ಭಾಷೆಯನ್ನು ಕಲಿತವನಿಗೆ ಅಲ್ಲಿನ ಸಾಹಿತ್ಯ, ಇತಿಹಾಸಗಳ ಬಾಗಿಲೂ ತೆರೆಯುತ್ತದೆ.

ಕಲಿಯಲು ದೂರದ ಲಿಸ್ಬನ್ನಿಗೇ ಹೋಗಬೇಕಾಗಿಲ್ಲ. 1985ರಲ್ಲಿ ಸ್ಥಾಪಿತವಾದ ಗೋವಾ ವಿಶ್ವವಿದ್ಯಾನಿಲಯದಲ್ಲಿ ಪೋರ್ಚುಗೀಸಿನ ಉನ್ನತ ವ್ಯಾಸಂಗಕ್ಕೆ ಅವಕಾಶವಿದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿಯೂ ಈ ಭಾಷೆಯನ್ನು ಬೋಧಿಸುತ್ತಾರೆ. ಇತಿಹಾಸದ ಸಂಶೋಧನೆಗೆ ಹೊರಟ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಈ ಶ್ರಮವನ್ನು ಕೈಕೊಳ್ಳಬೇಕು. ಶಾಸನದ ಕಲ್ಲು ಮಳೆಬಿಸಿಲಿಗೆ ಅಷ್ಟಿಷ್ಟು ತಾಳಿಕೊಂಡೀತು. ಹಳೆಯ ಕಾಗದವು ಓದುಗನಿಗಾಗಿ ಬಹುಕಾಲ ಕಾಯಲಾರದು.