ಲಗೇಜಿನ ತೂಕ, ಟಿಕೆಟ್ಟಿನ ಬೆಲೆ: ವಿಮಾನಯಾನದ ಒಂದು ಲೆಕ್ಕಾಚಾರದ ಇತಿಹಾಸ

1914ರ ಜನವರಿ 1ರಂದು ಅಮೆರಿಕದ ಫ್ಲಾರಿಡಾದಲ್ಲಿ ಸೇಂಟ್ ಪೀಟರ್ಸ್‌ಬರ್ಗ್–ಟ್ಯಾಂಪಾ ಏರ್‌ಬೋಟ್ ಲೈನ್ ಎಂಬ ಕಂಪನಿ, ಕೊಲ್ಲಿಯ ಆಚೀಚೆ ದಡಗಳಲ್ಲಿದ್ದ ಎರಡು ಊರುಗಳ ನಡುವೆ ನೀರಿನ ಮೇಲಿಂದ ಹಾರುವ ಪುಟ್ಟ ವಿಮಾನವನ್ನು ಓಡಿಸತೊಡಗಿತು. ವೇಳಾಪಟ್ಟಿಯ ಪ್ರಕಾರ ಪ್ರಯಾಣಿಕರನ್ನು ಕರೆದೊಯ್ದ ಜಗತ್ತಿನ ಮೊದಲ ವಿಮಾನ ಸೇವೆ ಇದೇ. ಟಿಕೆಟ್ ದರ 5 ಡಾಲರ್. ಆದರೆ ಪ್ರಯಾಣಿಕನೂ ಅವನ ಕೈಸಾಮಾನೂ ಸೇರಿ ತೂಕ 200 ಪೌಂಡ್, ಅಂದರೆ ಸುಮಾರು 90 ಕಿಲೋ ಮೀರುವಂತಿರಲಿಲ್ಲ. ಮೀರಿದರೆ ಪ್ರತಿ 100 ಪೌಂಡಿಗೆ 5 ಡಾಲರಿನ ಲೆಕ್ಕದಲ್ಲಿ ಹೆಚ್ಚುವರಿ ಹಣ ಕೊಡಬೇಕಿತ್ತು. ಕೆಲವೇ ತಿಂಗಳು ನಡೆದು ನಿಂತುಹೋದ ಆ ಸೇವೆಯ ದರಪಟ್ಟಿಯಲ್ಲೇ ಇಂದಿನ ಲಗೇಜು ನಿಯಮಗಳ ಎರಡು ಮೂಲಾಂಶಗಳಿದ್ದವು: ಇಂತಿಷ್ಟು ತೂಕ ಟಿಕೆಟ್ಟಿನೊಳಗೆ, ಅದರಾಚೆಗಿನದಕ್ಕೆ ಬೇರೆ ಬೆಲೆ. ಆ ಗೆರೆಯನ್ನು ಎಲ್ಲಿ ಎಳೆಯಬೇಕು, ಯಾರು ಎಳೆಯಬೇಕು ಎಂಬುದು ಮುಂದಿನ ನೂರು ವರ್ಷಗಳಲ್ಲಿ ಹಲವು ಸಲ ಬದಲಾಯಿತು.

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಆಗಸ್ಟ್ 25ರಂದು ಲಂಡನ್–ಪ್ಯಾರಿಸ್ ನಡುವೆ ದಿನನಿತ್ಯದ ಸೇವೆ ಶುರುವಾಯಿತು. ಅಂದಿನ ವಿಮಾನಗಳಲ್ಲಿ ಇಬ್ಬರೋ ನಾಲ್ವರೋ ಕೂರಬಹುದಿತ್ತು. ಎಂಜಿನ್ನಿನ ಶಕ್ತಿ ಕಡಿಮೆ. ಒಂದು ಪೆಟ್ಟಿಗೆ ಹೆಚ್ಚಾದರೂ ಅಷ್ಟು ಇಂಧನ ಕಡಿಮೆ ತುಂಬಬೇಕು, ಇಲ್ಲವೇ ಒಂದು ಅಂಚೆ ಚೀಲ ಇಳಿಸಬೇಕು. ಹಾಗಾಗಿ ಹಲವು ವಿಮಾನ ನಿಲ್ದಾಣಗಳಲ್ಲಿ ಸಾಮಾನಿನ ಜೊತೆಗೆ ಪ್ರಯಾಣಿಕರನ್ನೂ ತಕ್ಕಡಿಯ ಮೇಲೆ ನಿಲ್ಲಿಸಿ ತೂಗುವ ರೂಢಿ ಬಂತು. ಹಡಗಿನಲ್ಲಿ ಟ್ರಂಕುಗಳನ್ನು ಸಾಗಿಸುತ್ತಿದ್ದ ಶ್ರೀಮಂತರು ಹಗುರವಾದ ಸೂಟ್‌ಕೇಸಿಗೆ ಒಗ್ಗಿಕೊಳ್ಳಬೇಕಾಯಿತು.

ಭಾರತದಲ್ಲಿ ಮೊದಲ ಪಾಲು ಅಂಚೆಯದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ಟಪಾಲು ಹೊತ್ತ ಪುಸ್ ಮಾತ್ ವಿಮಾನವನ್ನು ತಾವೇ ನಡೆಸಿಕೊಂಡು ಬಂದರು. ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಹೀಗೆ ಕರ್ನಾಟಕದ ನೆಲ ದೇಶದ ಮೊದಲ ವಿಮಾನ ಮಾರ್ಗಗಳಲ್ಲೊಂದರ ತಂಗುದಾಣವಾಯಿತು. ಆ ಮಾರ್ಗ ಬದುಕಿದ್ದು ಅಂಚೆಯಿಂದ. ಟಪಾಲು ಚೀಲಗಳನ್ನು ತುಂಬಿದ ಮೇಲೆ ಉಳಿದ ಜಾಗ ಮತ್ತು ತೂಕವಷ್ಟೇ ಪ್ರಯಾಣಿಕನಿಗೂ ಅವನ ಸಾಮಾನಿಗೂ ಸಿಗುತ್ತಿತ್ತು.

ಅಷ್ಟರಲ್ಲಿ ಸಾಮಾನು ಕಳೆದುಹೋದರೆ ಹೊಣೆ ಯಾರದು ಎಂಬ ಪ್ರಶ್ನೆ ಎದ್ದಿತ್ತು. 1929ರ ಅಕ್ಟೋಬರ್ 12ರ ವಾರ್ಸಾ ಒಪ್ಪಂದ ಇದಕ್ಕೆ ಅಂತರರಾಷ್ಟ್ರೀಯ ಉತ್ತರ ಕೊಟ್ಟಿತು. ಪ್ರಯಾಣಿಕ ತನ್ನ ಬಳಿಯೇ ಇಟ್ಟುಕೊಳ್ಳುವ ಸಣ್ಣಪುಟ್ಟ ವಸ್ತುಗಳನ್ನು ಬಿಟ್ಟು, ಉಳಿದ ಸಾಮಾನಿಗೆ ಕಂಪನಿ ಲಗೇಜು ಚೀಟಿ ಕೊಡಬೇಕು; ಅದರಲ್ಲಿ ಎಷ್ಟು ಪೆಟ್ಟಿಗೆ, ಎಷ್ಟು ತೂಕ ಎಂದು ಬರೆದಿರಬೇಕು. ಸಾಮಾನು ಕಳೆದರೆ ಪರಿಹಾರ ಕಿಲೋಗೆ 250 ಚಿನ್ನದ ಫ್ರಾಂಕ್ ಮೀರುವುದಿಲ್ಲ. ಈ ಮೊತ್ತ ಮುಂದೆ ಕಿಲೋಗೆ ಸುಮಾರು 20 ಡಾಲರ್ ಎಂದು ಟಿಕೆಟ್ಟುಗಳ ಹಿಂಬದಿಯಲ್ಲಿ ಅಚ್ಚಾಗತೊಡಗಿತು. ಭಾರತದಲ್ಲಿ ಈ ಒಪ್ಪಂದ 1934ರ ಕಾಯ್ದೆಯ ಮೂಲಕ ಜಾರಿಗೆ ಬಂತು. ಹೀಗೆ ದರಕ್ಕೂ ಪರಿಹಾರಕ್ಕೂ ಒಂದೇ ಅಳತೆಯಾಯಿತು, ತೂಕ. ಪೆಟ್ಟಿಗೆಯೊಳಗೆ ರೇಷ್ಮೆ ಸೀರೆಯಿರಲಿ, ಹಳೆಯ ಪುಸ್ತಕವಿರಲಿ, ವಿಶೇಷ ಬೆಲೆ ಘೋಷಿಸದಿದ್ದರೆ ಕಾನೂನಿನ ಕಣ್ಣಿಗೆ ಕಾಣುತ್ತಿದ್ದುದು ಕಿಲೋ ಮಾತ್ರ.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರ ಏಪ್ರಿಲ್‌ನಲ್ಲಿ, ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಯಾಟಾ ಹವಾನಾದಲ್ಲಿ ಹುಟ್ಟಿತು. ಅದರ ಸಮ್ಮೇಳನಗಳಲ್ಲಿ ಸದಸ್ಯ ಕಂಪನಿಗಳು ಕೂತು ಮಾರ್ಗವಾರು ದರ ನಿಗದಿ ಮಾಡುತ್ತಿದ್ದವು, ಸರ್ಕಾರಗಳು ಅದನ್ನು ಒಪ್ಪುತ್ತಿದ್ದವು. ಲಗೇಜಿನ ಮಿತಿಯೂ ಅಲ್ಲೇ ತೀರ್ಮಾನವಾಗುತ್ತಿತ್ತು. ಪ್ರಥಮ ದರ್ಜೆಗೆ 30 ಕಿಲೋ, ಅಗ್ಗದ ದರ್ಜೆಗೆ 20 ಕಿಲೋ ಎಂಬುದು ಜಗತ್ತಿನ ಬಹುಭಾಗದಲ್ಲಿ ಸಾಮಾನ್ಯ ನಿಯಮವಾಯಿತು. ಅದನ್ನು ದಾಟಿದ ಪ್ರತಿ ಕಿಲೋಗೆ ಆ ಮಾರ್ಗದ ಪ್ರಥಮ ದರ್ಜೆ ಒಮ್ಮುಖ ದರದ ಶೇ 1ರಷ್ಟು ಶುಲ್ಕ. ಈ ಸೂತ್ರದ ಪ್ರಕಾರ ದೂರ ಹೆಚ್ಚಿದಂತೆ ಶುಲ್ಕವೂ ಏರುತ್ತಿತ್ತು. ಮುಂಬೈಯಿಂದ ಲಂಡನ್ನಿಗೆ 10 ಕಿಲೋ ಹೆಚ್ಚು ಒಯ್ಯುವುದೆಂದರೆ ಪ್ರಥಮ ದರ್ಜೆ ಟಿಕೆಟ್ಟಿನ ಹತ್ತನೇ ಒಂದು ಭಾಗ ತೆತ್ತಂತೆ. 1948ರ ಜೂನ್ 8ರಂದು ಮುಂಬೈ–ಲಂಡನ್ ಸೇವೆ ಆರಂಭಿಸಿದ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಕೂಡ ಇದೇ ವ್ಯವಸ್ಥೆಯೊಳಗೆ ಬೆಳೆಯಿತು. 1953ರಲ್ಲಿ ದೇಶದ ವಿಮಾನಯಾನ ರಾಷ್ಟ್ರೀಕರಣಗೊಂಡ ಮೇಲೆ ಒಳನಾಡಿನಲ್ಲಿ ಇಂಡಿಯನ್ ಏರ್‌ಲೈನ್ಸ್ ಒಂದರದೇ ದರ, ಒಂದರದೇ ನಿಯಮ. ಪೈಪೋಟಿಯಿಲ್ಲದ ಆ ದಶಕಗಳಲ್ಲಿ 'ಉಚಿತ ಲಗೇಜು' ಎಂಬ ಮಾತು ರೂಢಿಗೆ ಬಂದಿತಾದರೂ, ಅದರ ವೆಚ್ಚವೆಲ್ಲ ದುಬಾರಿ ಟಿಕೆಟ್ಟಿನೊಳಗೇ ಸೇರಿತ್ತು. ಕೈಬೀಸಿಕೊಂಡು ಬಂದವನೂ 20 ಕಿಲೋದ ಬೆಲೆ ತೆತ್ತೇ ಹಾರುತ್ತಿದ್ದ.

1970ರ ಜನವರಿಯಲ್ಲಿ ಬೋಯಿಂಗ್ 747 ಸೇವೆಗಿಳಿದದ್ದು ಈ ಲೆಕ್ಕವನ್ನು ಬದಲಿಸಿತು. ಅದರ ಹೊಟ್ಟೆಯಲ್ಲಿ ಕಂಟೇನರುಗಳನ್ನೇ ತುಂಬಬಹುದಿತ್ತು. ಇಷ್ಟು ದೊಡ್ಡ ವಿಮಾನಕ್ಕೆ ಒಬ್ಬೊಬ್ಬರ ಐದಾರು ಕಿಲೋ ಹೆಚ್ಚಳ ಆತಂಕದ ವಿಷಯವಾಗಿ ಉಳಿಯಲಿಲ್ಲ. ನಾನೂರು ಜನರ ಸಾಮಾನನ್ನು ಒಂದೊಂದಾಗಿ ತೂಗಿ ಹಣ ಎಣಿಸುವ ಸಾಲೇ ದೊಡ್ಡ ತೊಡಕಾಯಿತು. ಆ ದಶಕದಲ್ಲೇ ಅಮೆರಿಕಕ್ಕೆ ಹೋಗಿಬರುವ ಮಾರ್ಗಗಳಲ್ಲಿ ತೂಕದ ಬದಲು ಪೆಟ್ಟಿಗೆಗಳನ್ನು ಎಣಿಸುವ ಪದ್ಧತಿ ಬಂತು. ಪ್ರಯಾಣಿಕನಿಗೆ ಎರಡು ಪೆಟ್ಟಿಗೆ. ಉದ್ದ, ಅಗಲ, ಎತ್ತರ ಕೂಡಿದರೆ ದೊಡ್ಡ ಪೆಟ್ಟಿಗೆ 62 ಇಂಚು, ಅಂದರೆ 158 ಸೆಂಟಿಮೀಟರ್ ಮೀರಬಾರದು. ಒಂದೊಂದರ ತೂಕ 70 ಪೌಂಡ್ ಅಥವಾ 32 ಕಿಲೋ ದಾಟಬಾರದು. ಪೆಟ್ಟಿಗೆ ಎತ್ತಿಹಾಕುವ ಕೆಲಸಗಾರರ ಬೆನ್ನು ಉಳಿಯಬೇಕಾದರೆ ಇದೇ ಕೊನೆಯ ಮಿತಿ ಎಂದು 32 ಕಿಲೋ ಇಂದಿಗೂ ಅನೇಕ ನಿಲ್ದಾಣಗಳಲ್ಲಿ ಉಳಿದಿದೆ. ಇಂಧನ ತುಟ್ಟಿಯಾದಂತೆ, 2000ದ ದಶಕದಲ್ಲಿ, ಎಕಾನಮಿ ದರ್ಜೆಯ ಮಿತಿ ಪೆಟ್ಟಿಗೆಗೆ 23 ಕಿಲೋಗೆ ಇಳಿಯಿತು.

ಹೀಗೆ ಜಗತ್ತು ಎರಡು ಲಗೇಜು ವಲಯಗಳಾಗಿ ಒಡೆಯಿತು. ಅದರ ಪರಿಣಾಮ ವಲಸೆ ಹೋದ ಕನ್ನಡಿಗರ ಬದುಕಿನಲ್ಲಿ ನೇರವಾಗಿ ಕಾಣುತ್ತದೆ. ಓದಿಗೋ ಕೆಲಸಕ್ಕೋ ಅಮೆರಿಕಕ್ಕೆ ಹೊರಟವರಿಗೆ ಎರಡು ದೊಡ್ಡ ಸೂಟ್‌ಕೇಸುಗಳು ಸಿಕ್ಕವು. ಕುಕ್ಕರ್, ಚಟ್ನಿಪುಡಿ, ಸಾರಿನ ಪುಡಿ, ಉಪ್ಪಿನಕಾಯಿ, ಹೊದಿಕೆ, ಪುಸ್ತಕ ಎಲ್ಲವೂ ಅದರೊಳಗೆ ಹಿಡಿಸಿದವು. ಕೊಲ್ಲಿ ದೇಶಗಳ ಮಾರ್ಗದಲ್ಲಿ ಮಾತ್ರ ತೂಕವೇ ಉಳಿಯಿತು. ದಕ್ಷಿಣ ಕನ್ನಡ, ಉಡುಪಿ, ಭಟ್ಕಳದಿಂದ ದುಡಿಯಲು ಹೋದವರು ಬಹುಕಾಲ ಮುಂಬೈ ಮೂಲಕವೇ ಹೋಗಿಬರುತ್ತಿದ್ದರು. 2006ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮಂಗಳೂರಿನಿಂದ ದುಬೈಗೆ ನೇರ ಸೇವೆ ತೆರೆಯಿತು. ಹಲವು ವರ್ಷಗಳ ಕಾಲ ಆ ಸಂಸ್ಥೆಯಲ್ಲಿ ಹೋಗುವಾಗ 20 ಕಿಲೋ, ಬರುವಾಗ 30 ಕಿಲೋ ಎಂಬ ವ್ಯತ್ಯಾಸವಿತ್ತು. ದುಡಿದು ಮರಳುವವರು ಮನೆಮಂದಿಗೆಲ್ಲ ಏನಾದರೂ ತರುತ್ತಾರೆಂಬ ತಿಳಿವಳಿಕೆ ಈ ಅಂಕಿಗಳಲ್ಲೇ ಇದೆ. ಹಗ್ಗ ಬಿಗಿದು, ದಪ್ಪ ಅಕ್ಷರದಲ್ಲಿ ಹೆಸರು ಬರೆದ ರಟ್ಟಿನ ಪೆಟ್ಟಿಗೆ ಬಳಕೆಗೆ ಬಂದದ್ದಕ್ಕೂ ಇದೇ ಕಾರಣ. ಸೂಟ್‌ಕೇಸಿನ ಸ್ವಂತ ತೂಕವೇ ನಾಲ್ಕೈದು ಕಿಲೋ ಇರುವಾಗ, ರಟ್ಟಿನ ಪೆಟ್ಟಿಗೆಯಲ್ಲಿ ಅಷ್ಟೂ ತೂಕ ಉಡುಗೊರೆಗೆ ಉಳಿಯುತ್ತಿತ್ತು.

ದರಗಳ ಮೇಲಿನ ಸರ್ಕಾರಿ ಹಿಡಿತ ಸಡಿಲಗೊಂಡದ್ದು ಅಮೆರಿಕದಲ್ಲಿ, 1978ರ ಅಕ್ಟೋಬರ್ 24ರ ಕಾಯ್ದೆಯಿಂದ. ಆ ಮೇಲೆ ಯಾರು ಬೇಕಾದರೂ ಯಾವ ದರಕ್ಕಾದರೂ ಹಾರಿಸಬಹುದಾಯಿತು. ಅಗ್ಗದ ಕಂಪನಿಗಳಿಗೆ ಗಿರಾಕಿಗಳನ್ನು ಬಿಟ್ಟುಕೊಡದಿರಲು ಹಳೆಯ ಕಂಪನಿಗಳು ಹೂಡಿದ ಉಪಾಯವೇ ಫ್ರೀಕ್ವೆಂಟ್ ಫ್ಲೈಯರ್ ಯೋಜನೆ. ಹಾರಿದ ಮೈಲಿಗಳನ್ನು ಲೆಕ್ಕವಿಟ್ಟು ಬಹುಮಾನ ಕೊಡುವ ಪ್ರಯೋಗವನ್ನು ಟೆಕ್ಸಾಸ್ ಇಂಟರ್‌ನ್ಯಾಷನಲ್ 1979ರಲ್ಲಿ ಮಾಡಿತ್ತು. ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದ್ದು 1981ರ ಮೇ 1ರಂದು ಶುರುವಾದ ಅಮೆರಿಕನ್ ಏರ್‌ಲೈನ್ಸ್‌ನ ಅಡ್ವಾಂಟೇಜ್. ಸೇಬರ್ ಎಂಬ ಗಣಕೀಕೃತ ಬುಕಿಂಗ್ ವ್ಯವಸ್ಥೆ ಕೈಯಲ್ಲಿದ್ದುದರಿಂದ ಪದೇಪದೇ ಹಾರುವವರು ಯಾರೆಂದು ಕಂಪನಿಗೆ ಗೊತ್ತಿತ್ತು. ಒಂದು ವಾರದೊಳಗೆ ಯುನೈಟೆಡ್ ತನ್ನದೇ ಯೋಜನೆ ಪ್ರಕಟಿಸಿತು. ಭಾರತದಲ್ಲಿ 1994ರಲ್ಲಿ ಏರ್ ಕಾರ್ಪೊರೇಷನ್ ಕಾಯ್ದೆ ರದ್ದಾಗಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದ ನಂತರ ಏರ್ ಇಂಡಿಯಾದ ಫ್ಲೈಯಿಂಗ್ ರಿಟರ್ನ್ಸ್, ಜೆಟ್ ಏರ್‌ವೇಸ್‌ನ ಜೆಟ್ ಪ್ರಿವಿಲೇಜ್ ಹೆಸರಾದವು.

ಮೊದಮೊದಲು ಈ ಯೋಜನೆಗಳ ಆಕರ್ಷಣೆ ಪುಕ್ಕಟೆ ಟಿಕೆಟ್ ಮತ್ತು ಮೇಲಿನ ದರ್ಜೆಯ ಸೀಟು. ಕ್ರಮೇಣ ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ಮೆಟ್ಟಿಲುಗಳಾದವು. ಮೇಲಿನ ಮೆಟ್ಟಿಲಿನವರಿಗೆ ಪ್ರತ್ಯೇಕ ಸಾಲು, ಲೌಂಜು, ಹೆಚ್ಚು ಲಗೇಜು. 1997ರ ಮೇ 14ರಂದು ಹುಟ್ಟಿದ ಸ್ಟಾರ್ ಅಲಯನ್ಸ್ ಕೂಟ ಈ ಸವಲತ್ತನ್ನು ಹಲವು ದೇಶಗಳ ಕಂಪನಿಗಳಿಗೆ ಹಬ್ಬಿಸಿತು. ಅದರ ಚಿನ್ನದ ದರ್ಜೆಯ ಸದಸ್ಯರಿಗೆ ತೂಕದ ಮಾರ್ಗದಲ್ಲಿ 20 ಕಿಲೋ, ಪೆಟ್ಟಿಗೆ ಎಣಿಸುವ ಮಾರ್ಗದಲ್ಲಿ ಒಂದು ಪೆಟ್ಟಿಗೆ ಹೆಚ್ಚುವರಿ. 2014ರ ಜುಲೈ 11ರಂದು ಏರ್ ಇಂಡಿಯಾ ಈ ಕೂಟ ಸೇರಿದ್ದರಿಂದ ಭಾರತದ ಸದಸ್ಯರಿಗೂ ಅದು ದಕ್ಕಿತು.

ಲಗೇಜಿಗೆ ಪ್ರತ್ಯೇಕ ಬೆಲೆ ಕಟ್ಟುವ ಪದ್ಧತಿ ಮರಳಿದ್ದು ಯುರೋಪಿನ ಅಗ್ಗದ ಕಂಪನಿಗಳಿಂದ. 2006ರಲ್ಲಿ ಫ್ಲೈಬಿ, ರಯಾನೇರ್ ಕಂಪನಿಗಳು ಚೆಕ್-ಇನ್ ಮಾಡುವ ಮೊದಲ ಚೀಲಕ್ಕೇ ಶುಲ್ಕ ಹಾಕಿದವು. 2008ರಲ್ಲಿ ಕಚ್ಚಾತೈಲದ ಬೆಲೆ ಬ್ಯಾರೆಲ್ಲಿಗೆ 140 ಡಾಲರ್ ದಾಟುವ ಹೊತ್ತಿಗೆ ಅಮೆರಿಕನ್ ಏರ್‌ಲೈನ್ಸ್ ಒಳನಾಡಿನ ಮೊದಲ ಚೀಲಕ್ಕೆ 15 ಡಾಲರ್ ನಿಗದಿಮಾಡಿತು, ಉಳಿದ ದೊಡ್ಡ ಕಂಪನಿಗಳೂ ಬಹುಬೇಗ ಅದೇ ದಾರಿ ಹಿಡಿದವು. ತೈಲ ಅಗ್ಗವಾದ ಮೇಲೂ ಶುಲ್ಕ ಹೋಗಲಿಲ್ಲ. ಕಾರಣಗಳು ಸ್ಪಷ್ಟ. ದರ ಹೋಲಿಸಿ ಟಿಕೆಟ್ ಕೊಳ್ಳುವವರ ಕಣ್ಣಿಗೆ ಮೂಲ ದರ ಕಡಿಮೆ ಕಾಣುತ್ತದೆ. ಅಮೆರಿಕದಲ್ಲಿ ಟಿಕೆಟ್ಟಿನ ಮೇಲೆ ಬೀಳುವ ಶೇ 7.5ರ ತೆರಿಗೆ ಲಗೇಜು ಶುಲ್ಕಕ್ಕೆ ಅನ್ವಯಿಸುವುದಿಲ್ಲ. 2023ರಲ್ಲಿ ಅಮೆರಿಕದ ಕಂಪನಿಗಳು ಇದರಿಂದಲೇ 700 ಕೋಟಿ ಡಾಲರಿಗೂ ಹೆಚ್ಚು ಗಳಿಸಿದವು. ಎರಡು ಚೀಲ ಪುಕ್ಕಟೆ ಎಂಬುದನ್ನೇ ಜಾಹೀರಾತು ಮಾಡಿಕೊಂಡಿದ್ದ ಸೌತ್‌ವೆಸ್ಟ್ ಕೂಡ 2025ರ ಮೇ 28ರಿಂದ ಕಾದಿರಿಸಿದ ಬಹುಪಾಲು ಟಿಕೆಟ್ಟುಗಳಿಗೆ ಶುಲ್ಕ ಶುರುಮಾಡಿತು.

ಶುಲ್ಕ ಬಂದದ್ದರಿಂದ ಸವಲತ್ತಿನ ಅರ್ಥವೂ ಬದಲಾಯಿತು. ಹಿಂದೆ ಎಲ್ಲರಿಗೂ ಇದ್ದ ಮೊದಲ ಚೀಲ ಈಗ ಮೇಲಿನ ದರ್ಜೆಯ ಸದಸ್ಯರಿಗೆ, ಕಂಪನಿಯ ಹೆಸರಿನ ಕ್ರೆಡಿಟ್ ಕಾರ್ಡ್ ಹೊಂದಿದವರಿಗೆ ಸಿಗುವ ಬಹುಮಾನವಾಯಿತು. 2015ರಿಂದ ಡೆಲ್ಟಾ, ಯುನೈಟೆಡ್ ಕಂಪನಿಗಳು ಹಾರಿದ ದೂರವನ್ನು ಬಿಟ್ಟು ಖರ್ಚು ಮಾಡಿದ ಹಣಕ್ಕೆ ತಕ್ಕಂತೆ ಮೈಲಿ ಕೊಡತೊಡಗಿದವು. ಕಚೇರಿಯ ಖರ್ಚಿನಲ್ಲಿ, ಒಂದು ಸಣ್ಣ ಚೀಲದೊಡನೆ ವಾರವಾರ ಹಾರುವವರಿಗೆ ಉಚಿತ ಲಗೇಜಿನ ಹಕ್ಕು ಸುಲಭವಾಗಿ ದಕ್ಕಿತು. ಮೂರು ವರ್ಷಕ್ಕೊಮ್ಮೆ ಸಂಸಾರ ಸಮೇತ ಊರಿಗೆ ಬರುವವರಿಗೆ, ಯಾರಿಗೆ ಆ ತೂಕ ನಿಜವಾಗಿ ಬೇಕೋ ಅವರಿಗೆ, ಅದು ದೂರವಾಯಿತು. ಈ ಇಡೀ ಇತಿಹಾಸದಲ್ಲಿ ಬಡ ಪ್ರಯಾಣಿಕನನ್ನು ಹೆಚ್ಚು ತಟ್ಟಿದ ಬದಲಾವಣೆ ಇದು.

ಭಾರತದಲ್ಲಿ ಅಗ್ಗದ ವಿಮಾನಯಾನದ ಆರಂಭ ಬೆಂಗಳೂರಿನಿಂದ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸ್ಥಾಪಿಸಿದ ಏರ್ ಡೆಕ್ಕನ್ 2003ರಲ್ಲಿ ಹುಬ್ಬಳ್ಳಿಯಂಥ ಊರುಗಳಿಗೂ ವಿಮಾನ ಓಡಿಸಿತು. ಊಟ, ತಿಂಡಿಗಳನ್ನು ಟಿಕೆಟ್ಟಿನಿಂದ ಬೇರ್ಪಡಿಸಿತು. ಲಗೇಜಿನ ಸರದಿ ಹತ್ತು ವರ್ಷ ತಡವಾಗಿ ಬಂತು. 2013ರಲ್ಲಿ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಕೆಲವು ಸೇವೆಗಳಿಗೆ ಪ್ರತ್ಯೇಕ ಶುಲ್ಕ ಪಡೆಯಲು ಅನುಮತಿ ಕೊಟ್ಟಿತು, ಖಾಸಗಿ ಕಂಪನಿಗಳು ಒಳನಾಡಿನ ಮಿತಿಯನ್ನು 20ರಿಂದ 15 ಕಿಲೋಗೆ ಇಳಿಸಿದವು. ದೂರುಗಳು ಹೆಚ್ಚಿದ್ದರಿಂದ, 15ರಿಂದ 20 ಕಿಲೋವರೆಗಿನ ತೂಕಕ್ಕೆ ಕಿಲೋಗೆ 100 ರೂಪಾಯಿಗಿಂತ ಹೆಚ್ಚು ಪಡೆಯಬಾರದೆಂದು ಡಿಜಿಸಿಎ 2016ರ ಜೂನ್‌ನಲ್ಲಿ ಆದೇಶಿಸಿತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2017ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಆ ಮಿತಿಯನ್ನು ರದ್ದುಮಾಡಿತು. 2021ರ ಫೆಬ್ರುವರಿಯಲ್ಲಿ, ಚೆಕ್-ಇನ್ ಲಗೇಜು ಇಲ್ಲದವರಿಗೆ ಕಡಿಮೆ ದರದ ಟಿಕೆಟ್ ಮಾರಬಹುದೆಂಬ ಅನುಮತಿಯೂ ದೊರೆಯಿತು. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಕೂಡ ಒಳನಾಡಿನ ಅಗ್ಗದ ದರಗಳಲ್ಲಿ ಮಿತಿಯನ್ನು 15 ಕಿಲೋಗೆ ತಂದಿತು. ಈಗ ಒಂದೇ ವಿಮಾನದ ಅಕ್ಕಪಕ್ಕದ ಸೀಟಿನವರ ಲಗೇಜು ಮಿತಿ ಬೇರೆಬೇರೆಯಾಗಿರಬಹುದು. ಹುಬ್ಬಳ್ಳಿಯಿಂದ ಬೆಂಗಳೂರಿಗೆ, ಅಲ್ಲಿಂದ ಅಮೆರಿಕಕ್ಕೆ ಹೋಗುವವರು ಒಂದೇ ಟಿಕೆಟ್ ಕೊಂಡಿದ್ದರೆ ಸಾಮಾನ್ಯವಾಗಿ ದಾರಿಯುದ್ದಕ್ಕೂ ಅಂತರರಾಷ್ಟ್ರೀಯ ಮಿತಿ ನಡೆಯುತ್ತದೆ. ಬೇರೆಬೇರೆ ಕೊಂಡಿದ್ದರೆ ಮೊದಲ ಹಾರಾಟಕ್ಕೆ ಒಳನಾಡಿನ ಮಿತಿಯೇ.

ಬೆಲೆಯ ಲೆಕ್ಕ ಹೀಗೆ ಚೂರುಚೂರಾದರೂ ಹೊಣೆಯ ಲೆಕ್ಕ ಸರಳವಾಯಿತು. 1999ರ ಮಾಂಟ್ರಿಯಲ್ ಒಪ್ಪಂದ ಪರಿಹಾರವನ್ನು ತೂಕದಿಂದ ಬಿಡಿಸಿ ಪ್ರಯಾಣಿಕನಿಗೆ ಇಷ್ಟು ಎಂದು ಗೊತ್ತುಮಾಡಿತು. ಭಾರತ ಇದನ್ನು 2009ರಲ್ಲಿ ಒಪ್ಪಿಕೊಂಡಿತು. ಅಂತರರಾಷ್ಟ್ರೀಯ ನಾಣ್ಯನಿಧಿಯ ಎಸ್‌ಡಿಆರ್ ಎಂಬ ಮಾನದಲ್ಲಿ 1,000 ಇದ್ದ ಗರಿಷ್ಠ ಪರಿಹಾರ, 2024ರ ಡಿಸೆಂಬರ್ 28ರಿಂದ 1,519ಕ್ಕೆ, ಅಂದರೆ ಸುಮಾರು 2,000 ಡಾಲರಿಗೆ ಏರಿದೆ. ಲಗೇಜು ಹಾಳಾಗಿ ಬಂದರೆ ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದರೆ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. 21 ದಿನ ಕಳೆದರೂ ಬಾರದ ಲಗೇಜಿಗೆ, ಅದು ಕಳೆದುಹೋಯಿತೆಂದು ಭಾವಿಸಿ, ಪರಿಹಾರ ಕೇಳಬಹುದು. ಅಮೆರಿಕದಲ್ಲಿ 2024ರ ಅಕ್ಟೋಬರ್‌ನಿಂದ, ಒಳನಾಡಿನ ಲಗೇಜು 12 ಗಂಟೆಗಿಂತ ತಡವಾದರೆ ಪಡೆದ ಶುಲ್ಕವನ್ನೂ ಹಿಂತಿರುಗಿಸಬೇಕು. ಟಿಕೆಟ್ಟಿನೊಳಗೆ ಸೇರಿಬಂದ ಚೀಲವಿರಲಿ, ಹಣ ತೆತ್ತು ಹಾಕಿದ ಚೀಲವಿರಲಿ, ಸದಸ್ಯತ್ವದ ಸವಲತ್ತಿನಿಂದ ಹೋದ ಚೀಲವಿರಲಿ, ಪಡೆದುಕೊಂಡು ಚೀಟಿ ಅಂಟಿಸಿದ ಮೇಲೆ ಒಪ್ಪಂದದ ಪ್ರಕಾರ ಅದರ ಹೊಣೆ ಕಂಪನಿಯದು.