ಕ್ಷೌರದ ಕತ್ತಿಯೂ ಉಜ್ಜುವ ಕಲ್ಲೂ

ಅರಸರ ವಂಶಾವಳಿಯನ್ನೂ ಯುದ್ಧಗಳನ್ನೂ ಇತಿಹಾಸವೆಂದು ಓದಿ ಬೆಳೆದ ನಮಗೆ, ಬಚ್ಚಲುಮನೆಗೂ ಒಂದು ಇತಿಹಾಸವಿದೆಯೆಂಬುದು ಬೇಗನೆ ಹೊಳೆಯುವುದಿಲ್ಲ. ಈಚೆಗೆ ಅಂಗಡಿಗಳಲ್ಲೂ ಫೋನಿನ ಜಾಹೀರಾತುಗಳಲ್ಲೂ 'ಕ್ರಿಸ್ಟಲ್ ಹೇರ್ ಇರೇಸರ್' ಎಂಬ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಸಾಧನವೊಂದು ಕಾಣಸಿಗುತ್ತಿದೆ. ಬ್ಲೇಡು ಬೇಡ, ನೋವಿಲ್ಲ, ಉಜ್ಜಿದರೆ ಸಾಕು, ಕೈಕಾಲಿನ ರೋಮ ಹೋಗುತ್ತದೆ ಎಂದು ಅದರ ಹೊಗಳಿಕೆ. ಇದು ಕತ್ತಿಗಿಂತ ಒಳ್ಳೆಯದೇ ಎಂದು ಮನೆಯ ಹೆಣ್ಣುಮಕ್ಕಳು ಕೇಳಿದಾಗ, ಉತ್ತರಕ್ಕಾಗಿ ನಾನು ಹಳೆಯ ಗ್ರಂಥಗಳ ಕಡೆಗೆ ತಿರುಗಿದೆ. ಹೊಸದೆಂದು ಮಾರಾಟವಾಗುವ ಈ ಉಪಾಯಕ್ಕೆ ಎರಡು ಸಾವಿರ ವರ್ಷದ ವಯಸ್ಸಾಗಿದೆ.

ರೋಮಿನ ಹಿರಿಯ ಪ್ಲಿನಿಯ ಹೆಸರು ನಮ್ಮ ಕರಾವಳಿಗೆ ಅಪರಿಚಿತವಲ್ಲ. ಮುಚಿರಿ ಬಂದರನ್ನೂ ಅದರ ಸಮೀಪದ ಕಡಲುಗಳ್ಳರನ್ನೂ ತನ್ನ ವಿಶ್ವಕೋಶದ 6ನೆಯ ಸಂಪುಟದಲ್ಲಿ ಹೆಸರಿಸಿದವನು, ರೋಮಿನ ಹಣ ವರ್ಷವರ್ಷವೂ ಭಾರತಕ್ಕೆ ಹರಿದುಹೋಗುತ್ತಿದೆಯೆಂದು ಗೊಣಗಿದವನು ಅವನೇ. ಅದೇ ಗ್ರಂಥದ 36ನೆಯ ಸಂಪುಟದಲ್ಲಿ ಅವನು ಪ್ಯೂಮಿಸ್ ಎಂಬ ಕಲ್ಲಿನ ವಿಷಯ ಬರೆದಿದ್ದಾನೆ. ಹೆಂಗಸರು ಮೈ ನುಣುಪು ಮಾಡಿಕೊಳ್ಳಲು ಈ ಕಲ್ಲನ್ನು ಬಳಸುತ್ತಾರೆ, ಈಗೀಗ ಗಂಡಸರೂ ಬಳಸತೊಡಗಿದ್ದಾರೆ ಎನ್ನುತ್ತಾನೆ. ಓಲೆಸುರುಳಿಗಳ ಅಂಚನ್ನು ನಯಗೊಳಿಸುತ್ತಿದ್ದುದೂ ಈ ಕಲ್ಲಿನಿಂದಲೇ. ಪುಸ್ತಕಕ್ಕೂ ಕಾಲಿಗೂ ಒಂದೇ ಉಪಚಾರ!

ಅಗ್ನಿಪರ್ವತದಿಂದ ಉಕ್ಕಿದ ಲಾವಾರಸ ನೊರೆನೊರೆಯಾಗಿ ಬೇಗನೆ ತಣಿದಾಗ ಈ ಕಲ್ಲು ಉಂಟಾಗುತ್ತದೆ. ಒಳಗೆಲ್ಲ ಗಾಳಿಯ ಗುಳ್ಳೆಗಳಿರುವುದರಿಂದ ನೀರಿನಲ್ಲಿ ತೇಲುವುದೂ ಉಂಟು. ಗುಣದಲ್ಲಿ ಇದು ಗಾಜು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಪೊಂಪೈ ನಗರದ ಮೇಲೆ ಸುರಿದದ್ದು ಇದೇ ಕಲ್ಲಿನ ಮಳೆ. ಆ ಅನಾಹುತದಲ್ಲಿಯೇ ಪ್ಲಿನಿಯೂ ತೀರಿಕೊಂಡ.

ಅವನಿಗಿಂತ ಮೊದಲಿನ ಕವಿ ಓವಿಡ್, ಗಂಡಸರು ಕಾಲಿಗೆ ಈ ಕಲ್ಲು ಉಜ್ಜಬಾರದೆಂದು ಬುದ್ಧಿ ಹೇಳಿದ್ದಾನೆ. ಹೆಂಗಸರ ಕಾಲಿನಲ್ಲಿ ಒರಟು ರೋಮ ಇರಬಾರದೆಂದೂ ಎಚ್ಚರಿಸಿದ್ದಾನೆ. ಕಲ್ಲು ಒಂದೇ, ಕಾಲೂ ಒಂದೇ. ಕಟ್ಟಳೆ ಮಾತ್ರ ಎರಡು. ಮೈಯ ಕೂದಲಿನ ಇತಿಹಾಸದ ಮುಖ್ಯ ಪಾಠ ಇದೇ ಎಂದು ನನಗೆ ತೋರುತ್ತದೆ.

ನಮ್ಮಲ್ಲಿಯೂ ಉಜ್ಜುವ ಅಭ್ಯಾಸಕ್ಕೆ ಕೊರತೆಯಿಲ್ಲ. ನಾವು ಮುರಕಲ್ಲೆಂದೂ ಮಲಯಾಳಿಗಳು ಚೆಂಗಲ್ಲೆಂದೂ ಕರೆಯುವ ಕಲ್ಲಿಗೆ ಹಿಮ್ಮಡಿ ತಿಕ್ಕುವುದುಂಟು. ಮೈತೊಳೆಯಲು ಮಲಯಾಳಿಗಳಿಗೆ ಇಂಚದ ನಾರು, ನಮಗೆ ಹೀರೆಯ ನಾರು. ಆದರೆ ಇವೆಲ್ಲ ಕೊಳೆಗೆ, ಒಡೆದ ಹಿಮ್ಮಡಿಗೆ, ಕೂದಲಿಗಲ್ಲ. ಎಳೆಮಗುವಿನ ಮೈಗೆ ಎಣ್ಣೆ ಹಚ್ಚಿ ಹಿಟ್ಟಿನಿಂದ ತಿಕ್ಕಿದರೆ ರೋಮ ಉದುರುತ್ತದೆಂದು ಅಜ್ಜಿಯಂದಿರು ನಂಬಿದ್ದರು. ಹುಟ್ಟುವಾಗಿನ ಆ ನವಿರು ರೋಮ ಕೆಲವು ವಾರ, ತಿಂಗಳುಗಳಲ್ಲಿ ತಾನಾಗಿಯೇ ಉದುರುವಂಥದು; ಹಿಟ್ಟಿಗೆ ಪುಕ್ಕಟೆ ಕೀರ್ತಿ ಬಂತು.

ಕೈಕಾಲಿನ ರೋಮ ತೆಗೆಯಲೇಬೇಕೆಂಬ ಇಂದಿನ ಒತ್ತಾಯಕ್ಕೆ ಬಲ ಕೊಟ್ಟದ್ದು ಅಮೆರಿಕದ ವ್ಯಾಪಾರ. ಜಿಲೆಟ್ 1904ರಲ್ಲಿ ತನ್ನ ಸುರಕ್ಷಿತ ರೇಜರಿಗೆ ಪೇಟೆಂಟ್ ಪಡೆದ. ಗಂಡಸರ ಗಡ್ಡದ ಮಾರುಕಟ್ಟೆ ಸಾಲದೆಂಬಂತೆ 1915ರಲ್ಲಿ ಅವನ ಕಂಪೆನಿ ಹೆಂಗಸರಿಗೆಂದೇ ಬೇರೆ ರೇಜರನ್ನು ಹೊರತಂದಿತು. ತೋಳಿಲ್ಲದ ಉಡುಪು ಬಂತು, ಲಂಗ ಗಿಡ್ಡವಾಯಿತು. ಎರಡನೆಯ ಮಹಾಯುದ್ಧದಲ್ಲಿ ನೈಲಾನ್ ಪ್ಯಾರಾಶೂಟಿಗೆ ಹೋದಾಗ ಕಾಲುಚೀಲಕ್ಕೂ ಬರಗಾಲ ಬಂತು. ಬರಿಗಾಲು ಕಾಣಿಸತೊಡಗಿದಾಗ ಕಾಲಿನ ರೋಮ ಒಂದು 'ಸಮಸ್ಯೆ'ಯಾಯಿತು. ಬ್ಲೇಡಿಗೆ ಅಂಜುವವರಿಗಾಗಿ ನಯವಾದ ಸ್ಯಾಂಡ್ ಪೇಪರಿನ ಕೈಗವಸುಗಳೂ ಆ ದೇಶದಲ್ಲಿ ಮಾರಾಟವಾದವು. ಇಂದಿನ ಇರೇಸರ್ ಅವುಗಳ ಮೊಮ್ಮಗಳು. ಅದರ ಮೈ ಸೂಕ್ಷ್ಮವಾಗಿ ತರಿತರಿಗೊಳಿಸಿದ ಗಾಜು. ರೋಮಿನ ಕಲ್ಲೂ ಗಾಜೇ ಆಗಿತ್ತಲ್ಲ!

ಇನ್ನು ಕೇಳಿದ ಪ್ರಶ್ನೆಗೆ ಬರೋಣ. ಉಜ್ಜುವ ಸಾಧನ ಕೂದಲನ್ನು ಬೇರಿನಿಂದ ಕೀಳುವುದಿಲ್ಲ. ಚರ್ಮದ ಮಟ್ಟದಲ್ಲಿ ತುಂಡರಿಸುತ್ತದೆ. ಕತ್ತಿ ಮಾಡುವುದೂ ಅದನ್ನೇ. ಆದ್ದರಿಂದ ಕೆಲವು ದಿನಗಳಲ್ಲಿ ಕೂದಲು ಮತ್ತೆ ತಲೆಯೆತ್ತುತ್ತದೆ. ಬೋಳಿಸಿದರೆ ಕೂದಲು ದಪ್ಪವಾಗುತ್ತದೆಂಬ ಭಯಕ್ಕೂ ಆಧಾರವಿಲ್ಲ. ಅಂಗರಚನಾಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲಿಯೇ ಅಳೆದು ನೋಡಿ, ಕ್ಷೌರದಿಂದ ಕೂದಲಿನ ದಪ್ಪವೂ ಬೆಳೆಯುವ ವೇಗವೂ ಬದಲಾಗುವುದಿಲ್ಲವೆಂದು ತೋರಿಸಿದ್ದಾಳೆ.

ಉಜ್ಜುವುದರ ಲಾಭವೆಂದರೆ ಕತ್ತಿಯ ಗಾಯವಿಲ್ಲ, ಸಾಬೂನು ಬೇಡ. ನಷ್ಟವೆಂದರೆ ಕೂದಲಿನ ಜೊತೆ ಚರ್ಮದ ಮೇಲ್ಪದರವೂ ಸವೆಯುತ್ತದೆ. ಇಲ್ಲಿಯೇ ನಮ್ಮವರು ಎಚ್ಚರ ವಹಿಸಬೇಕಾದದ್ದು. ಕಂದುಬಣ್ಣದ ಚರ್ಮ ಕೆರಳಿದರೆ ಆ ಜಾಗ ಕಪ್ಪಾಗುತ್ತದೆ. ಒರಟು ನೈಲಾನ್ ಬಟ್ಟೆಯಿಂದ ದಿನವೂ ಮೈ ತಿಕ್ಕುವವರಲ್ಲಿ ಇಂಥ ಕಪ್ಪು ಕಲೆಗಳನ್ನು ಜಪಾನಿನ ವೈದ್ಯರೂ ನಮ್ಮ ದೇಶದ ವೈದ್ಯರೂ ಗುರುತಿಸಿದ್ದಾರೆ. ನುಣುಪಿಗಾಗಿ ಉಜ್ಜಿ, ಕಲೆ ಬಂದಿತೆಂದು ಇನ್ನಷ್ಟು ಉಜ್ಜಿ, ಕೊನೆಗೆ ಬಿಳುಪಿನ ಕ್ರೀಮಿಗೆ ಹಣ ಸುರಿಯುವ ದಾರಿ ಇದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಕಾಲಿಗೆ, ಕೈಗೆ, ಒಣಗಿದ ಶುದ್ಧ ಚರ್ಮದ ಮೇಲೆ, ಒತ್ತದೆ, ಅಪರೂಪಕ್ಕೊಮ್ಮೆ ಬಳಸಿದರೆ ಉಜ್ಜುವ ಸಾಧನದಿಂದ ದೊಡ್ಡ ತೊಂದರೆಯಿಲ್ಲ. ಮುಖ, ಕಂಕುಳು, ಗುಪ್ತಭಾಗ, ಗಾಯ ಅಥವಾ ಕಜ್ಜಿಯಿರುವ ಜಾಗಕ್ಕೆ ಅದು ಸಲ್ಲದು. ಉರಿ ಕಂಡರೆ ನಿಲ್ಲಿಸಬೇಕು. ಒಬ್ಬರ ಕಲ್ಲನ್ನಾಗಲಿ ಬ್ಲೇಡನ್ನಾಗಲಿ ಇನ್ನೊಬ್ಬರು ಮುಟ್ಟಬಾರದು. ರಕ್ತದಿಂದ ಹರಡುವ ಕಾಮಾಲೆಯಂಥ ರೋಗಗಳಿಗೆ ಅದು ದಾರಿ. ಹೊಸ ಬ್ಲೇಡು, ನೊರೆ, ಹಗುರ ಕೈ ಇದ್ದರೆ ಕತ್ತಿಯೂ ಕೆಟ್ಟದ್ದಲ್ಲ.

ರೋಮವನ್ನು ಹಾಗೆಯೇ ಬಿಡುವುದು ಮೂರನೆಯ ದಾರಿ. ಅದಕ್ಕೆ ಖರ್ಚಿಲ್ಲ, ಕಲೆಯಿಲ್ಲ. ಓವಿಡನ ಕಟ್ಟಳೆಯನ್ನು ಇಂದು ಜಾಹೀರಾತು ಹೇಳುತ್ತಿದೆ. ಅದನ್ನು ಪಾಲಿಸಬೇಕೇ ಬೇಡವೇ ಎಂಬುದನ್ನು ನಮ್ಮ ಹುಡುಗಿಯರು ತಾವೇ ತೀರ್ಮಾನಿಸಲಿ. ಹಿರಿಯರಾದ ನಾವು ಅದಕ್ಕೆ ಅಡ್ಡಬಾರದಿದ್ದರೆ ಸಾಕು.